ಉಸಿರಣ್ಣನ ಹಲ್ಲು

ಉಸಿರಣ್ಣನ ಮೇಲ್ಸಾಲಿನ ಮುಂದಿನ ಹಲ್ಲು ಅಲುಗಾಡತೊಡಗಿದ್ದು ನಾವು ಪ್ರವಾಸ ಹೊರಡುವುದಕ್ಕೆ ಹನ್ನೆರಡು ದಿನ ಮೊದಲು. ನನಗೆ ತಿಳಿದದ್ದು ಪ್ರವಾಸದ ಏಳನೆಯ ದಿನ. ಉಳಿದವರಿಗೆ ತಿಳಿಯುವ ಹೊತ್ತಿಗೆ ಹಲ್ಲು ಕೈಗೆ ಬರುವುದರಲ್ಲಿತ್ತು. ಅದಕ್ಕೆ ನಾನು ಹಾಕಿದ ಬ್ರೇಕೇ ಕಾರಣ. ಹಾಗಾಗಿ ಈ ವಿಷಯವನ್ನು ಇನ್ಯಾರೋ ಅರ್ಧಂಬರ್ಧ ಹೇಳುವುದಕ್ಕಿಂತ ನಾನೇ ಹೇಳುವುದು ವಾಸಿ.

ನಾನು ವಾದ್ಯತಂಡವೊಂದರ ವ್ಯಾನ್ ಓಡಿಸುವವನು. ನನ್ನನ್ನೂ ಸೇರಿಸಿ ಒಂಬತ್ತು ಜನ. ಹಾಡುವ ಮೇಡಂ ತಂಡದ ಒಡತಿ, ಅವರ ಮಾತೇ ಕೊನೆಯ ಮಾತು. ವರ್ಷದಲ್ಲಿ ಐದಾರು ತಿಂಗಳು ನಮಗೆ ಮನೆಯೆಂದರೆ ವ್ಯಾನು, ಲಾಡ್ಜಿನ ಕೋಣೆ ಮತ್ತು ಸಭಾಂಗಣಗಳ ಹಿಂಬಾಗಿಲು. ಬೆಳಿಗ್ಗೆ ಪೆಟ್ಟಿಗೆ ಏರಿಸು, ಮಧ್ಯಾಹ್ನ ಇಳಿಸು, ಸಂಜೆ ನುಡಿಸು, ಮರುದಿನ ಮತ್ತೆ ಏರಿಸು. ಒಂದೇ ಡಬ್ಬಿಯಲ್ಲಿ ಹಾಕಿದ ಮೊಳೆಗಳ ಹಾಗೆ ಒಬ್ಬರನ್ನೊಬ್ಬರು ಚುಚ್ಚುತ್ತ, ಸದ್ದು ಮಾಡುತ್ತ, ಊರಿಂದೂರಿಗೆ ಉರುಳುವುದು. ಚಾಲಕನ ತಲೆಯ ಮೇಲೊಂದು ಕನ್ನಡಿ ಇರುತ್ತದಲ್ಲ, ಅದರಲ್ಲಿ ಹಿಂದಿನ ರಸ್ತೆಗಿಂತ ಹಿಂದಿನ ಮುಖಗಳೇ ಹೆಚ್ಚು ಕಾಣುವುದು. ಇಪ್ಪತ್ತಾರು ವರ್ಷ ಅದನ್ನು ನೋಡಿದವನಿಗೆ ಯಾರ ಮನೆಯಲ್ಲಿ ಜಗಳ, ಯಾರ ಹೊಟ್ಟೆಯಲ್ಲಿ ನೋವು, ಕೇಳದೆಯೇ ತಿಳಿಯುತ್ತದೆ.

ಉಸಿರಣ್ಣ ನಮ್ಮ ಮೊದಲ ಟ್ರಂಪೆಟ್. ಆಗ ಅವನಿಗೆ ಐವತ್ತೊಂದು. ಅಪ್ಪ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಅಲ್ಲಿನ ಕೆಲಸಗಾರರು ಕಟ್ಟಿಕೊಂಡಿದ್ದ ವಾದ್ಯತಂಡದಲ್ಲಿ ಇವನು ಹನ್ನೊಂದನೆಯ ವಯಸ್ಸಿಗೆ ಊದಲು ಕಲಿತ. ನಮ್ಮ ತಂಡ ಸೇರಿ ಇಪ್ಪತ್ತೆಂಟು ವರ್ಷ. ಮೇಡಂ ಹಾಡುವ ಒಂದು ನಿಧಾನದ ಹಾಡಿದೆ. ಅದರ ಕೊನೆಯಲ್ಲಿ ಅವರು ಸುಮ್ಮನಾಗುತ್ತಾರೆ, ಟ್ರಂಪೆಟ್ ಒಂದೇ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ, ತುತ್ತತುದಿಯ ಸ್ವರವನ್ನು ಹಿಡಿದು ನಿಲ್ಲುತ್ತದೆ. ಜನ ಮನಸ್ಸಿನಲ್ಲೇ ಎಣಿಸುತ್ತಾರೆ. ಹತ್ತು, ಹದಿನೈದು, ಇಪ್ಪತ್ತು. ಇಪ್ಪತ್ತು ದಾಟಿದ ಮೇಲೇ ಅವನು ಬಿಡುತ್ತಿದ್ದದ್ದು. ಅದರಿಂದಲೇ ಆ ಹೆಸರು. ಮೈ ಸುಡುವ ಜ್ವರ ಇದ್ದಾಗಲೂ ಆ ಜಾಗವನ್ನು ಅವನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ.

ಇನ್ನೊಬ್ಬ ಅಂದರೆ ಎರಡನೆಯ ಟ್ರಂಪೆಟ್ಟಿನವನು. ಅವನು ಉಸಿರಣ್ಣನ ಹೆಂಡತಿಯ ಖಾಸಾ ತಮ್ಮ. ಹತ್ತೊಂಬತ್ತಕ್ಕೆ ಕೆಲಸ ಹುಡುಕಿಕೊಂಡು ಅಕ್ಕನ ಮನೆಗೆ ಬಂದವನಿಗೆ ಉಸಿರಣ್ಣನೇ ಅಡುಗೆಮನೆಯಲ್ಲಿ ಕೂರಿಸಿ ಕಲಿಸಿದ್ದು. ಪಕ್ಕದ ಮನೆಯವರು ಗೋಡೆ ಗುದ್ದದಿರಲಿ ಅಂತ ಟ್ರಂಪೆಟ್ಟಿನ ಬಾಯಿಗೆ ಟವೆಲ್ ತುರುಕಿ ಊದಿಸುತ್ತಿದ್ದನಂತೆ. ಆಮೇಲೆ ತಂಡಕ್ಕೂ ಸೇರಿಸಿದ. ಅಲ್ಲಿಂದ ಹದಿನೈದು ವರ್ಷ ಭಾವಮೈದುನ ಭಾವನ ಪಕ್ಕದಲ್ಲಿ, ಒಂದು ಗಜ ಎಡಕ್ಕೆ, ನಿಂತೇ ಇದ್ದ.

ಈಗ ಹಲ್ಲಿನ ವಿಷಯ. ಟ್ರಂಪೆಟ್ ಊದಲು ಬಟ್ಟಲಿನಂಥ ಅದರ ತುದಿಯನ್ನು ತುಟಿಗೆ ಒತ್ತಿ ಹಿಡಿಯಬೇಕು. ಸ್ವರ ಮೇಲೇರಿದ ಹಾಗೆ ಒತ್ತು ಹೆಚ್ಚುತ್ತದೆ. ತುಟಿಯ ಹಿಂದೆ ಗೋಡೆಯ ಹಾಗೆ ನಿಂತಿರುವುದು ಮುಂದಿನ ಹಲ್ಲು. ಗೋಡೆ ಅಲುಗಿದರೆ ಎಲ್ಲವೂ ಅಲುಗಿತು. ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿ, "ಬುಡದ ಮೂಳೆನೇ ಕರಗಿದೆ. ಊದೋದು ನಿಲ್ಸಿ, ಈಗ್ಲೇ ಚಿಕಿತ್ಸೆ ಶುರು ಮಾಡೋಣ" ಅಂದರಂತೆ. ಇವನು ಮನೆಗೆ ಬಂದು ಹೆಂಡತಿಗೆ ವಸಡು ಸ್ವಲ್ಪ ಊದಿದೆ ಅಂತ ಹೇಳಿ, ಹನ್ನೆರಡನೆಯ ದಿನ ನನ್ನ ವ್ಯಾನು ಹತ್ತಿದ. ಇಪ್ಪತ್ತು ದಿನ, ಹದಿನಾಲ್ಕು ಊರು. ಅದರಲ್ಲೂ ಹದಿನೈದನೆಯ ದಿನದ ಕಾರ್ಯಕ್ರಮ ಧ್ವನಿಮುದ್ರಣ ಆಗಿ ತಂಡದ ಹೊಸ ಆಲ್ಬಮ್ ಆಗುವುದಿತ್ತು. ಆ ಹಾಡೂ ಅದರಲ್ಲಿತ್ತು. ಅವನು ಹೇಗೆ ಬಿಟ್ಟಾನು?

ಮೊದಲ ನಾಲ್ಕು ದಿನ ಏನೂ ಗೊತ್ತಾಗಲಿಲ್ಲ. ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ನುಂಗುತ್ತಿದ್ದ, ವಯಸ್ಸಾಯಿತು ಅಂದುಕೊಂಡೆ. ಡ್ರಮ್ಮಿನವನು ಜೋಕು ಹೇಳಿದರೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದ. ಐದನೆಯ ದಿನ ಸಭಾಂಗಣದ ಹಿಂದೆ ವ್ಯಾನು ತೊಳೆಯುತ್ತಿದ್ದೆ. ಗೋಡೆಯಾಚೆ ಯಾರೋ ಆ ನಿಧಾನದ ಹಾಡಿನ ಮೇಲಿನ ಸ್ವರಗಳನ್ನು ಅಭ್ಯಾಸ ಮಾಡುತ್ತಿದ್ದರು. ಬಗ್ಗಿ ನೋಡಿದರೆ ಭಾವಮೈದುನ. ತಿರುಗಿದೆ. ನನ್ನ ಹಿಂದೆ ಉಸಿರಣ್ಣ ನಿಂತಿದ್ದ. ಅವನೂ ಕೇಳಿಸಿಕೊಂಡಿದ್ದ. ಸೀದಾ ಒಳಗೆ ಹೋದ.

ಮರುದಿನ ಅವನು ಮೇಡಂ ಹತ್ತಿರ ಹೋಗಿ, "ನಾನು ಡ್ರೈವರ್ ಜೊತೆ ಮಲ್ಕೋತೀನಿ. ಆ ರೂಮಲ್ಲಿ ನಿದ್ದೆ ಬರಲ್ಲ" ಅಂದ. ಹದಿನೈದು ವರ್ಷ ಒಂದೇ ಕೋಣೆಯಲ್ಲಿದ್ದ ಭಾವ ಭಾವಮೈದುನ ಬೇರೆಯಾದರು. ಮೇಡಂ ಒಂದು ಕ್ಷಣ ಅವನ ಮುಖ ನೋಡಿ ಹೂಂ ಅಂದರು.

ಏಳನೆಯ ದಿನ ಬೆಳಿಗ್ಗೆ ಎದ್ದು ಕೂತ ನನಗೆ ಬಚ್ಚಲಿನ ಅರೆತೆರೆದ ಬಾಗಿಲಿನಿಂದ ಕಂಡದ್ದು ಇದು: ಉಸಿರಣ್ಣ ಕನ್ನಡಿಯ ಮುಂದೆ ನಿಂತು ಹೆಬ್ಬೆರಳಿನಿಂದ ಹಲ್ಲನ್ನು ಮೆಲ್ಲಗೆ ಹಿಂದಕ್ಕೆ ಒತ್ತುತ್ತಿದ್ದಾನೆ. ಬೇಸಿನ್ನಿನಲ್ಲಿ ಕೆಂಪು ನೀರು.

"ಏನಾಗಿದೆ ನಿಂಗೆ?"

"ಏನಿಲ್ಲ. ಬ್ರಷ್ ತಾಗ್ತು."

"ಇಪ್ಪತ್ತು ವರ್ಷದಿಂದ ನಿನ್ನ ನೋಡ್ತಿದ್ದೀನಿ. ಸುಳ್ಳು ಹೇಳೋಕೂ ಒಂದು ಮುಖ ಬೇಕು, ನಿಂಗದಿಲ್ಲ."

ಆಗ ಎಲ್ಲ ಹೇಳಿದ. ಹೇಳಿ, ನನ್ನ ಮಣಿಕಟ್ಟು ಹಿಡಿದುಕೊಂಡ. "ಹದಿನೈದನೇ ದಿನ ಕಳೀಲಿ. ಆಮೇಲೆ ನಾನೇ ಮೇಡಂಗೆ ಹೇಳ್ತೀನಿ. ಅಲ್ಲೀವರೆಗೆ ನೀನು ನೋಡಿಲ್ಲ, ನಾನು ಹೇಳಿಲ್ಲ. ಅವನಿಗಂತೂ ಗೊತ್ತಾಗಬಾರದು. ಕಾಯ್ತಾ ಕೂತಿದ್ದಾನೆ. ಹಾಲು ಕುಡಿಸಿ ಸಾಕಿದ್ದು ಏನನ್ನ ಅಂತ ಈಗ ಗೊತ್ತಾಗ್ತಿದೆ."

ನಾನು ಮಾತು ಕೊಟ್ಟೆ. ಅವತ್ತಿನಿಂದ ನನಗೆ ಊಟವೂ ರುಚಿಸಲಿಲ್ಲ. ಹೇಳಿದರೆ ಗೆಳೆಯನಿಗೆ ದ್ರೋಹ, ಹೇಳದಿದ್ದರೆ ಸಂಬಳ ಕೊಡುವ ಮೇಡಂಗೆ ದ್ರೋಹ. ಪ್ರತಿ ಸಂಜೆ ಆ ಹಾಡು ಬಂದಾಗ ಪಕ್ಕದ ಪರದೆಯ ಹಿಂದೆ ನಿಂತು ನಾನೂ ಹಲ್ಲು ಕಚ್ಚಿಕೊಂಡಿರುತ್ತಿದ್ದೆ. ಸ್ವರ ಏರುವಾಗ ಅವನ ಕಣ್ಣಂಚಿನಲ್ಲಿ ನೀರು ತುಳುಕುತ್ತಿತ್ತು. ಮುಂದಿನ ಸಾಲಿನವರು ಭಾವನೆ ಉಕ್ಕಿ ಬಂತು ಅಂದುಕೊಳ್ಳುತ್ತಿದ್ದರು.

ಒಂಬತ್ತನೆಯ ದಿನ ಅದು ನಡೆಯಿತು. ಕೊನೆಯ ಸ್ವರ ಇದ್ದಕ್ಕಿದ್ದ ಹಾಗೆ ದಪ್ಪವಾಯಿತು. ಒಂದು ಟ್ರಂಪೆಟ್ ಇರಬೇಕಾದಲ್ಲಿ ಎರಡು. ಭಾವಮೈದುನ ತಲೆ ತಗ್ಗಿಸಿ, ತನ್ನ ಟ್ರಂಪೆಟ್ಟನ್ನು ನೆಲಕ್ಕೆ ಮುಖ ಮಾಡಿ, ಅದೇ ಸ್ವರವನ್ನು ಊದುತ್ತಿದ್ದ. ಜನರಿಗೆ ತಿಳಿಯಲಿಲ್ಲ, ಚಪ್ಪಾಳೆ ಹೊಡೆದರು. ಪರದೆಯ ಹಿಂದೆ ಬಂದ ಕೂಡಲೇ ಉಸಿರಣ್ಣ ಅವನನ್ನು ಪೆಟ್ಟಿಗೆಗಳ ಮೂಲೆಗೆ ತಳ್ಳಿದ.

"ನನ್ನ ಸ್ವರದ ಮೇಲೆ ಯಾಕೋ ಬಂದೆ?"

"ಮೇಲೆ ಬಂದಿಲ್ಲ ಭಾವ. ಕೆಳಗಿದ್ದೆ."

"ಬುದ್ಧಿವಂತಿಕೆ ಮಾತು ಬೇಡ. ಇನ್ನೊಂದ್ಸಲ ಬಂದ್ರೆ ನಾನು ಸುಮ್ನಿರಲ್ಲ. ನಿನ್ನಕ್ಕನ ಮುಖ ನೋಡಿ ಬಿಟ್ಟಿದ್ದೀನಿ."

ಭಾವಮೈದುನ ನನ್ನನ್ನು ಕಂಡು, ತನ್ನ ಟ್ರಂಪೆಟ್ ಎತ್ತಿಕೊಂಡು ಹೊರಗೆ ನಡೆದ. ಮರುದಿನವೂ ಆ ಸ್ವರಕ್ಕೆ ಎರಡು ಟ್ರಂಪೆಟ್ ಇದ್ದವು. ಅದರ ಮರುದಿನವೂ. ವ್ಯಾನಿನಲ್ಲಿ ಅವರಿಬ್ಬರದು ಎಣ್ಣೆ ಸೀಗೆಕಾಯಿ. ಉಸಿರಣ್ಣ ನನ್ನ ಹಿಂದಿನ ಸೀಟು, ಇನ್ನೊಬ್ಬ ಕೊನೆಯ ಸೀಟು. ನಡುವೆ ಕೂತವರು ಕೆಮ್ಮುವುದಕ್ಕೂ ಹೆದರುತ್ತಿದ್ದರು. ಹದಿಮೂರನೆಯ ದಿನ ಮೇಡಂ ಎಲ್ಲರೆದುರು, "ನಾಡಿದ್ದು ರೆಕಾರ್ಡಿಂಗ್. ರೆಕಾರ್ಡಿಂಗ್‌ನವರು ಸಿಕ್ಕಿರೋದು ಮೂರೇ ಗಂಟೆ. ಆ ಹಾಡಲ್ಲಿ ನಂಗೆ ಒಂದೇ ಟ್ರಂಪೆಟ್ ಕೇಳಿಸ್ಬೇಕು. ಯಾರ ಬಾಯಲ್ಲಿ ಏನಾದ್ರೂ ಹೇಳೋದಿದ್ರೆ ಈಗ ಹೇಳಿ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಉಸಿರಣ್ಣನ ಕೈ ತಾನಾಗಿ ತುಟಿಗೆ ಹೋಯಿತು. ಯಾರೂ ಮಾತಾಡಲಿಲ್ಲ. ನಾನೂ.

ಹದಿನಾಲ್ಕನೆಯ ದಿನ ಹನ್ನೊಂದು ಗಂಟೆ. ಏರುರಸ್ತೆ ಮುಗಿದು ಇಳಿಜಾರು. ನನ್ನ ಮುಂದೆ ತಗಡಿನ ಹಾಳೆ ಹೇರಿದ ಲಾರಿ. ಗಾಳಿಗೆ ಮೇಲಿನ ಹಾಳೆ ಎದ್ದೆದ್ದು ಬೀಳುತ್ತಿರುವುದನ್ನು ನೋಡಿ ದೂರ ಬಿಟ್ಟೇ ಹೋಗುತ್ತಿದ್ದೆ. ಆದರೂ ಅದು ಕಿತ್ತು ಬಂದಾಗ ದೂರ ಸಾಲಲಿಲ್ಲ. ಎಡಕ್ಕೆ ಕಂದಕ, ಬಲಕ್ಕೆ ಎದುರಿನಿಂದ ಬಸ್ಸು. ಇದ್ದಬದ್ದ ಬಲವನ್ನೆಲ್ಲ ಕಾಲಿಗೆ ಹಾಕಿ ಬ್ರೇಕ್ ಒತ್ತಿದೆ. ಟೈರು ಕಿರುಚಿತು, ಪೆಟ್ಟಿಗೆಗಳು ಧಡಧಡ ಮುಂದಕ್ಕೆ ಬಂದವು. ತಗಡು ಬಂಪರಿಗೆ ಬಡಿದು ಪಕ್ಕಕ್ಕೆ ಜಾರಿತು. ವ್ಯಾನು ನಿಂತಿತು.

ಎಲ್ಲರೂ ಇದ್ದಾರಾ ಅಂತ ಕನ್ನಡಿ ನೋಡಿದೆ. ಎಂಟು ತಲೆ ಇದ್ದವು. ಆದರೆ ನನ್ನ ಹಿಂದೆಯೇ ಕೂತಿದ್ದ ಉಸಿರಣ್ಣ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ನನ್ನ ಸೀಟಿನ ಬೆನ್ನಿಗಿದ್ದ ಕಬ್ಬಿಣದ ಹಿಡಿಕೆಗೆ ಅವನ ಮುಖ ಹೊಡೆದಿತ್ತು. ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು.

ರಸ್ತೆಬದಿ ಇಳಿಸಿ ಕಲ್ಲಿನ ಮೇಲೆ ಕೂರಿಸಿದೆವು. ಮೇಡಂ ನೀರು ಹಿಡಿದರು. ಅವನು ಕೈ ತೆಗೆಯಲೊಲ್ಲ. "ಏನಿಲ್ಲ, ಏನಿಲ್ಲ" ಅನ್ನುತ್ತಲೇ ಇದ್ದ. ಭಾವಮೈದುನ ಎಲ್ಲರನ್ನೂ ಸರಿಸಿಕೊಂಡು ಬಂದು ಅವನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಭಾವ, ಬಾಯಿ ತೆಗೀರಿ. ಆ ಹಲ್ಲು ನಂಗೊತ್ತು. ಹೊರಡೋ ಮೊದ್ಲೇ ಗೊತ್ತು."

ಉಸಿರಣ್ಣನ ಕೈ ಸಡಿಲವಾಯಿತು. ಹಲ್ಲು ಒಂದು ಎಳೆಯಲ್ಲಿ ನೇತಾಡುತ್ತಿತ್ತು.

"ಅಕ್ಕನೇ ಹೇಳಿದ್ದು. ಬ್ರೆಡ್ಡಿನ ಅಂಚನ್ನೆಲ್ಲ ತಟ್ಟೇಲಿ ಬಿಡ್ತಿದ್ದಾರೆ, ಹಲ್ಲಿನ ತೊಂದ್ರೆ ಮುಚ್ಚಿಡ್ತಿದ್ದಾರೆ, ನೋಡ್ಕೋ ಅಂದ್ಲು. ಮೂರನೇ ಊರಲ್ಲಿ ನಿಮ್ಮ ಸ್ವರ ನಡುಗಿದ್ದು ಕೇಳಿಸ್ತು. ಬಿದ್ದೋಗ್ಬಾರ್ದು ಅಂತ ಕೆಳಗಿಂದ ಹಿಡ್ಕೊಂಡೆ. ಅದಕ್ಕೇ ಅಭ್ಯಾಸ ಮಾಡ್ತಿದ್ದದ್ದು."

"ಸುಳ್ಳು. ನೀನು ಕಾಯ್ತಿದ್ದೆ." ರಕ್ತದ ಜೊತೆ ಮಾತು ಬಂತು.

"ಹೌದು, ಕಾಯ್ತಿದ್ದೆ. ಹದಿನೈದು ವರ್ಷದಿಂದ ಕಾಯ್ತಾನೇ ಇದ್ದೀನಿ. ಒಂದಿನ ನೀವೇ ಕರೆದು, ಇವತ್ತು ನೀನು ಊದು ಅಂತೀರೇನೋ ಅಂತ. ನಿಮ್ಮ ಹಲ್ಲು ಬೀಳ್ಲಿ ಅಂತಲ್ಲ."

ಅವನ ದನಿ ಏರಿರಲಿಲ್ಲ. ಉಸಿರಣ್ಣ ಮುಖ ತಿರುಗಿಸಿ ಕಂದಕದ ಕಡೆ ನೋಡುತ್ತ ಕೂತ. ಮೇಡಂ ನನ್ನತ್ತ ಒಂದು ನೋಟ ಬೀರಿದರು. ನನಗೆ ಮೊದಲೇ ಗೊತ್ತಿತ್ತು ಎಂಬುದು ಅವರಿಗೆ ಆ ಒಂದೇ ನೋಟದಲ್ಲಿ ಗೊತ್ತಾಯಿತು. ಅದರ ಬೈಗುಳ ಆಮೇಲೆ ಬೇಕಾದಷ್ಟು ಸಿಕ್ಕಿತು, ಇಲ್ಲಿ ಹೇಳಬೇಕಾಗಿಲ್ಲ.

ಮುಂದಿನ ಊರಿನ ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಕಿತ್ತು, ತುಟಿಗೆ ಮೂರು ಹೊಲಿಗೆ ಹಾಕಿದರು. ಎರಡು ತಿಂಗಳು ಊದುವ ಮಾತೇ ಇಲ್ಲ ಅಂದರು. ಆಮೇಲಾದರೂ ಮೊದಲಿನ ಹಾಗೆ ಆಗುತ್ತದಾ ಅಂತ ನಾನು ಕೇಳಿದ್ದಕ್ಕೆ ಡಾಕ್ಟರು ಕೈ ತೊಳೆಯುತ್ತ, "ನೋಡೋಣ" ಅಂದರು. ಉಸಿರಣ್ಣ ಅದನ್ನು ಕೇಳಿಸಿಕೊಂಡ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಖಾಲಿ ಸಭಾಂಗಣದಲ್ಲಿ ತಾಲೀಮು. ಧ್ವನಿಮುದ್ರಣ ಮಧ್ಯಾಹ್ನ ಮೂರಕ್ಕೆ. ಮೊದಲ ಟ್ರಂಪೆಟ್ಟಿನ ಜಾಗದಲ್ಲಿ ಭಾವಮೈದುನ ನಿಂತ. ಹಾಡು ಕೊನೆಗೆ ಬಂತು, ಮೇಡಂ ಸುಮ್ಮನಾದರು, ಅವನು ಏರತೊಡಗಿದ. ತುದಿಯ ಸ್ವರ ಮುಟ್ಟಿದ ಕೂಡಲೇ ಒಡೆಯಿತು. ಎರಡನೆಯ ಸಲವೂ ಒಡೆಯಿತು. ಮೂರನೆಯ ಸಲ ಅಲ್ಲಿಗೆ ತಲುಪಲೇ ಇಲ್ಲ. ಬೇರೆಯವನ ಸ್ವರದ ಕೆಳಗೆ ನಿಂತು ಹಿಡಿಯುವುದು ಬೇರೆ, ಒಬ್ಬನೇ ಹೋಗಿ ನಿಲ್ಲುವುದು ಬೇರೆ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೇಡಂ, "ಹಾಡನ್ನೇ ಬಿಟ್ಟುಬಿಡೋಣ" ಅಂದರು.

ಉಸಿರಣ್ಣ ಕೊನೆಯ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ. ತುಟಿ ಹೀರೇಕಾಯಿಯಷ್ಟು ಊದಿತ್ತು, ಬಾಯಲ್ಲಿ ಹತ್ತಿ. ನಾನು ಅವನ ಮುಖ ನೋಡಲು ಹೋಗಲಿಲ್ಲ. ಅಲ್ಲಿ ಸಂತೋಷ ಕಂಡರೆ ನನಗೆ ಸಹಿಸಲು ಆಗುತ್ತಿರಲಿಲ್ಲ. ಆಮೇಲೆ ಅವನೇ ಹೇಳಿದ, ಮೊದಲ ಸಲ ಸ್ವರ ಒಡೆದಾಗ ನಿಜವಾಗಿಯೂ ಖುಷಿಯಾಯಿತಂತೆ. ಎರಡನೆಯ ಸಲ ಆ ಖುಷಿಗೇ ನಾಚಿಕೆಯಾಯಿತಂತೆ. ಮೂರನೆಯ ಸಲಕ್ಕೆ ಎದ್ದ.

ನಿಧಾನವಾಗಿ ವೇದಿಕೆ ಏರಿ, ಬಾಯಲ್ಲಿದ್ದ ಹತ್ತಿ ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ಮುಂದಿನ ಹಲ್ಲಿಲ್ಲದ ಬಾಯಿಗೆ 'ಸ' ಬರುತ್ತಿರಲಿಲ್ಲ.

"ನಿನ್ನ ಉಥಿರು ಥಾಲ್ತಿಲ್ಲ" ಅಂದ.

ಡ್ರಮ್ಮಿನವನು ನಗು ತಡೆಯಲಾಗದೆ ಬಗ್ಗಿ ಬೂಟಿನ ದಾರ ಕಟ್ಟತೊಡಗಿದ. ಉಸಿರಣ್ಣ ಅದನ್ನು ಗಮನಿಸಲೇ ಇಲ್ಲ.

"ಮೇಲೆ ಹೋಗೋ ಮುಂಚೆ ನಾಲ್ಕು ಪುಟ್ಟ ಥ್ವರ ಇದೆಯಲ್ಲ, ಡ್ರಮ್ ದಡದಡ ಅನ್ನೋ ಜಾಗ. ಅಲ್ಲಿ ಏನು ಮಾಡ್ತೀಯ?"

"ಊದ್ತೀನಿ."

"ನಾನು ಊದಲ್ಲ."

ಭಾವಮೈದುನ ಅರ್ಥವಾಗದೆ ನೋಡಿದ.

"ಇಪ್ಪತ್ತೆಂಟು ವರ್ಷದಿಂದ ಊದಿಲ್ಲ. ಬೆರಳು ಆಡಿಥ್ತೀನಿ, ಅಷ್ಟೇ. ಡ್ರಮ್ ಥದ್ದಲ್ಲಿ ಯಾರಿಗೂ ಕೇಳಲ್ಲ. ಆ ಹೊತ್ತಲ್ಲಿ ಮೂಗಿಂದ ಉಥಿರು ತುಂಬ್ಕೋತೀನಿ."

ಮೇಡಂ ಬಾಯಿ ತೆರೆದು ಹಾಗೆಯೇ ನಿಂತರು. ಅವರ ಹಾಡು, ಅವರ ತಂಡ, ಅವರಿಗೂ ಗೊತ್ತಿರಲಿಲ್ಲ.

"ಪಕ್ಕದಲ್ಲೇ ನಿಂತಿದ್ದೆ ನಾನು" ಅಂದ ಭಾವಮೈದುನ. "ಹದಿನೈದು ವರ್ಷ. ಒಂದು ಸಲ ಹೇಳಿದ್ರೆ ಆಗ್ತಿತ್ತು."

"ಆಗ್ತಿತ್ತು. ಹೇಳಿಲ್ಲ." ಉಸಿರಣ್ಣ ನೆಲ ನೋಡಿದ. "ಹೇಳಿದ್ರೆ ನನ್ನ ಹತ್ರ ಬೇರೇನು ಉಳೀತಿತ್ತು? ಈಗ ಊದು."

ಅವನು ಊದಿದ. ಸ್ವರ ನಡುಗಿತು, ಆದರೆ ನಿಂತಿತು. ಇನ್ನೊಮ್ಮೆ, ಮತ್ತೊಮ್ಮೆ. ಉಸಿರಣ್ಣ ಅವನ ಬೆನ್ನಿಗೆ ಅಂಗೈ ಇಟ್ಟುಕೊಂಡು, ಉಸಿರು ಎಲ್ಲಿ ತುಂಬಬೇಕೋ ಅಲ್ಲಿ ತಟ್ಟುತ್ತಿದ್ದ. ಹನ್ನೆರಡೂವರೆಗೆ, "ಥಾಕು, ತುಟಿಗೆ ವಿಶ್ರಾಂತಿ ಕೊಡು" ಅಂದ. ಪ್ರೀತಿಯ ಮಾತೇನೂ ಆಡಲಿಲ್ಲ. ಊಟಕ್ಕೂ ಬೇರೆ ಟೇಬಲ್ಲಿನಲ್ಲೇ ಕೂತ.

ಮೂರಕ್ಕೆ ಜನ ತುಂಬಿದರು. ಆ ಹಾಡು ಬಂದಾಗ ನಾವಿಬ್ಬರೂ ಪಕ್ಕದ ಪರದೆಯ ಹಿಂದಿದ್ದೆವು. ಮೇಡಂ ದನಿ ನಿಲ್ಲಿಸಿದರು. ಡ್ರಮ್ ದಡದಡಿಸಿತು. ನನ್ನ ಪಕ್ಕದಲ್ಲಿ ಉಸಿರಣ್ಣನ ಎದೆ ಉಬ್ಬಿ ಹಾಗೆಯೇ ನಿಂತುಬಿಟ್ಟಿತು. ಟ್ರಂಪೆಟ್ ಏರಿತು, ತುದಿ ಮುಟ್ಟಿತು. ಸ್ವಲ್ಪ ಒರಟಾಗಿತ್ತು, ಉಸಿರಣ್ಣನದರ ಹೊಳಪು ಇರಲಿಲ್ಲ. ಆದರೆ ಒಡೆಯಲಿಲ್ಲ. ಹತ್ತು. ಹನ್ನೆರಡು. ಹದಿನಾರಕ್ಕೆ ಬಿಟ್ಟ. ಚಪ್ಪಾಳೆ ಬಿತ್ತು.

"ಹೇಗಿತ್ತು?" ಅಂದೆ.

"ಬಂತು" ಅಂದ. ಅಷ್ಟು ಹೇಳಿ ಹೋಗಿ ವ್ಯಾನಿನಲ್ಲಿ ಕೂತ.

ಮರುದಿನ ಬೆಳಗಿನ ಬಸ್ಸಿಗೆ ಅವನನ್ನು ಹತ್ತಿಸಿದೆ. ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತಾಗ, ಎರಡು ರಾತ್ರಿಯಿಂದ ಎದೆಯಲ್ಲಿ ಕುಟುಕುತ್ತಿದ್ದದ್ದನ್ನು ಕೇಳಿಯೇಬಿಟ್ಟೆ. "ನಾನು ಆ ಬ್ರೇಕ್ ಹಾಕದಿದ್ರೆ…"

"ಒಂಬತ್ತು ಜನ ಹೋಗ್ತಿದ್ವಿ. ಒಂದು ಹಲ್ಲು ಹೋಯ್ತು. ಅದಕ್ಕೆಲ್ಲ ಕೊರಗ್ತಾರಾ?" ಹೇಳಿದವನು ನಗಲಿಲ್ಲ. ಬಸ್ಸು ಹೊರಟಾಗ ಕೈ ಬೀಸಲೂ ಇಲ್ಲ.

ನಾಲ್ಕು ತಿಂಗಳು ಭಾವ ಭಾವಮೈದುನ ಮಾತಾಡಲಿಲ್ಲ. ಒಬ್ಬನಿಗೆ ನಾಚಿಕೆ, ಇನ್ನೊಬ್ಬನಿಗೆ ಹದಿನೈದು ವರ್ಷದ ಸಿಟ್ಟು. ಕೊನೆಗೆ ದಾರಿಗೆ ತಂದವಳು ಉಸಿರಣ್ಣನ ಹೆಂಡತಿ. ಅವಳು ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಇಪ್ಪತ್ತು ಹೆಂಗಸರನ್ನು ನಡೆಸಿಕೊಂಡು ಹೋಗುವವಳು, ಮಾತು ಕಡಿಮೆ. ಒಂದು ಭಾನುವಾರ ತಮ್ಮನನ್ನು ಮನೆಗೆ ಕರೆದು, ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ, "ನಂಗೆ ಗಂಡನೂ ಒಬ್ನೇ, ತಮ್ಮನೂ ಒಬ್ನೇ. ಯಾರು ಮೊದ್ಲು ಮಾತಾಡಿದ್ರೂ ಸರಿ, ಮಾತಾಡೋವರೆಗೆ ಊಟ ಇಲ್ಲ" ಅಂದಳಂತೆ. ಮುಕ್ಕಾಲು ಗಂಟೆ ಆದ ಮೇಲೆ ಉಸಿರಣ್ಣ, "ನೀರು ಕೊಡೋ" ಅಂದನಂತೆ. ಅಲ್ಲಿಂದ ಶುರು.

ಹೊಸ ಹಲ್ಲು ಕೂರಿಸಿದರು. ಮೊದಮೊದಲು ದಿನಕ್ಕೆ ಹತ್ತೇ ನಿಮಿಷ, ತಳದ ಸ್ವರಗಳು ಮಾತ್ರ. ಹತ್ತೊಂಬತ್ತರ ಹೊಸಬನ ಹಾಗೆ ಅದೇ ಅಡುಗೆಮನೆಯಲ್ಲಿ ಕೂತು ಊದಿದ. ಹದಿನಾಲ್ಕು ತಿಂಗಳಿಗೆ ಮುಕ್ಕಾಲು ಪಾಲು ವಾಪಸು ಬಂತು. ಆ ತುದಿಯ ಸ್ವರ ಮಾತ್ರ ಬರಲೇ ಇಲ್ಲ. ಮೇಡಂ ಫೋನ್ ಮಾಡಿ, ಎರಡನೆಯ ಟ್ರಂಪೆಟ್ ಆಗಿ ಬರುತ್ತೀರಾ ಅಂತ ಕೇಳಿದಾಗ ಮೂರು ದಿನ ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಪೆಟ್ಟಿಗೆ ಹಿಡಿದು ನನ್ನ ವ್ಯಾನಿನ ಹತ್ತಿರ ಬಂದು ನಿಂತಿದ್ದ.

ಮೊದಲ ಕಾರ್ಯಕ್ರಮದಲ್ಲಿ ಅಭ್ಯಾಸಬಲದಿಂದ ಹಳೆಯ ಜಾಗದಲ್ಲೇ ನಿಂತ. ಭಾವಮೈದುನ ಬಂದು, ಟ್ರಂಪೆಟ್ ಒರೆಸುತ್ತ ಕಾದ. ಆಮೇಲೆ ಹೊಳೆದು ಉಸಿರಣ್ಣ ಒಂದು ಗಜ ಎಡಕ್ಕೆ ಸರಿದ. ಮರುದಿನ ದಾರಿಯಲ್ಲಿ, ನನ್ನ ಹಿಂದಿನ ಸೀಟಿನಿಂದ ಹೇಳಿದ: "ಅಲ್ಲಿಂದ ಮೇಡಂ ಮುಖ ಕಾಣಲ್ಲ ಕಣೋ. ಯಾವಾಗ ಶುರು ಮಾಡ್ತಾರೆ, ಯಾವಾಗ ನಿಲ್ಲಿಸ್ತಾರೆ, ಬರೀ ಬೆನ್ನು ನೋಡಿ ತಿಳ್ಕೋಬೇಕು. ಇವನು ಅಷ್ಟು ವರ್ಷ ಅದನ್ನೇ ಮಾಡಿದ್ದಾನೆ. ನಂಗೆ ಗೊತ್ತೇ ಇರಲಿಲ್ಲ."

ಇದಾಗಿ ಆರು ವರ್ಷ. ಇಬ್ಬರೂ ಈಗಲೂ ನನ್ನ ವ್ಯಾನಿನಲ್ಲೇ ಇದ್ದಾರೆ, ಕೋಣೆಯೂ ಮತ್ತೆ ಒಂದೇ. ಹೋದ ವಾರ ಎರಡನೆಯ ಹಾಡನ್ನು ಎಷ್ಟು ವೇಗದಲ್ಲಿ ನುಡಿಸಬೇಕು ಅಂತ ಜಗಳವಾಗಿ ಎರಡು ದಿನ ಮಾತು ಬಿಟ್ಟಿದ್ದರು. ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಬೈದಾಡಿಕೊಂಡೇ ವ್ಯಾನು ಹತ್ತಿದರು. ಉಳಿದವರು ನಿಟ್ಟುಸಿರು ಬಿಟ್ಟು ತಿಂಡಿ ಪೊಟ್ಟಣ ಬಿಚ್ಚಿದರು.